ಡೇಟಾಬೇಸ್ ಕೈಪಿಡಿಯ ಕಾಗುಣಿತ, ವ್ಯಾಕರಣ ತಿದ್ದುವ ಬಗ್ಗೆ – ಪ್ರಶ್ನೋತ್ತರ

ಪ್ರಶ್ನೆ (ಗಂಗಾವತಿಯಿಂದ): ಮೇಡಂ, ನಮಸ್ಕಾರ. ನಾನು ಇಲ್ಲಿನ ಒಂದು ರೈಸ್ ಮಿಲ್ಲಿನ ಕಚೇರಿಯಲ್ಲಿ ಭತ್ತದ ಆವಕ, ಗೋದಾಮಿನ ದಾಸ್ತಾನು, ರೈತರ ಪಾವತಿ ಇವುಗಳ ಲೆಕ್ಕವಿರುವ ಪೋಸ್ಟ್‌ಗ್ರೆಸ್‌ಕ್ಯೂಎಲ್ ಡೇಟಾಬೇಸ್ ನೋಡಿಕೊಳ್ಳುತ್ತೇನೆ. ಅದರ ಇಂಗ್ಲಿಷ್ ಕೈಪಿಡಿಯನ್ನು ಓದುವಾಗ ಅಪರೂಪಕ್ಕೊಮ್ಮೆ ಒಂದೇ ಪದ ಎರಡು ಬಾರಿ ಬಂದಿರುವುದು, ಏಕವಚನ ಬಹುವಚನ ಹೊಂದದಿರುವುದು ಕಣ್ಣಿಗೆ ಬೀಳುತ್ತದೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಇಂಥವನ್ನು ತಿದ್ದಿ ಕಳುಹಿಸಬಹುದೇ? ಕಳುಹಿಸುವುದಾದರೆ ಯಾರಿಗೆ, ಹೇಗೆ?

ಉತ್ತರ (ಬಳ್ಳಾರಿಯಿಂದ, ತಂತ್ರಾಂಶ ಕೈಪಿಡಿಗಳ ಸಂಪಾದಕಿ): ಖಂಡಿತ ಕಳುಹಿಸಿ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಬೆಳೆಸುತ್ತಿರುವವರಲ್ಲಿ ಇಂಗ್ಲಿಷ್ ಮನೆಮಾತಲ್ಲದವರು ಬಹಳ ಜನರಿದ್ದಾರೆ. ಇಂಗ್ಲಿಷನ್ನು ಸರಾಗವಾಗಿ ಓದಿಕೊಂಡು ಹೋಗುವವರ ಕಣ್ಣು ತಪ್ಪಿಸಿಕೊಳ್ಳುವ ದೋಷವನ್ನು, ಪ್ರತಿ ವಾಕ್ಯವನ್ನೂ ಬಿಡಿಸಿಕೊಂಡು ಓದುವ ನಿಮ್ಮಂಥವರು ಹಿಡಿಯುವುದನ್ನು ನಾನು ಈ ವೃತ್ತಿಯಲ್ಲಿ ಕಂಡಿದ್ದೇನೆ.

ಮೊದಲು ಅದೇ ಪುಟವನ್ನು, ಜಾಲತಾಣದಲ್ಲಿ ‘ಡೆವೆಲ್’ ಎಂದು ಗುರುತಿಸಿರುವ, ಇನ್ನೂ ಸಿದ್ಧವಾಗುತ್ತಿರುವ ಆವೃತ್ತಿಯಲ್ಲಿ ತೆರೆದು ನೋಡಿ. ಯಾರಾದರೂ ಈಗಾಗಲೇ ತಿದ್ದಿರಬಹುದು. ತಿದ್ದಿಲ್ಲವೆಂದಾದರೆ ಪುಟದ ಕೆಳಗೆ ದೋಷ ತಿಳಿಸುವ ಫಾರ್ಮ್ ಇದೆ. ಸಣ್ಣ ತಪ್ಪಿಗೆ ಅದೇ ಸಾಕು. ತಿದ್ದುಪಡಿಯನ್ನು ಸ್ವತಃ ಮಾಡಬೇಕೆಂಬ ಆಸೆಯಿದ್ದರೆ ಸೋರ್ಸ್ ಕೋಡ್ (ತಂತ್ರಾಂಶದ ಮೂಲ ಕಡತಗಳು) ಇಳಿಸಿಕೊಂಡು, ಕೈಪಿಡಿಯ ಕಡತವನ್ನು ತಿದ್ದಿ, ‘ಗಿಟ್ ಡಿಫ್’ ಆಜ್ಞೆ ಕೊಡುವ ಹಳೆಯ ಹೊಸ ಸಾಲುಗಳ ವ್ಯತ್ಯಾಸವನ್ನು (ಇದನ್ನೇ ಪ್ಯಾಚ್ ಎನ್ನುತ್ತಾರೆ) ಪಿಜಿಎಸ್‌ಕ್ಯೂಎಲ್-ಡಾಕ್ಸ್ ಎಂಬ ಮೇಲಿಂಗ್ ಲಿಸ್ಟ್‌ಗೆ ಲಗತ್ತಿಸಿ ಕಳುಹಿಸಿ. ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿರುವುದು ಕೇವಲ ಪ್ರತಿಯಾದ್ದರಿಂದ ಅಲ್ಲಿ ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಹಾಕಿ ಉಪಯೋಗವಿಲ್ಲ. ಕಡತಗಳ ಹೆಸರಿನ ಕೊನೆಯಲ್ಲಿ ಎಸ್‌ಜಿಎಂಎಲ್ ಎಂದಿದ್ದರೂ 11ನೇ ಆವೃತ್ತಿಯಿಂದೀಚೆಗೆ ಒಳಗಿರುವುದು ಪಠ್ಯದ ಭಾಗಗಳನ್ನು ಟ್ಯಾಗ್‌ಗಳಿಂದ ಗುರುತಿಸುವ ಡಾಕ್‌ಬುಕ್ ಎಕ್ಸ್‌ಎಂಎಲ್ ಆದ್ದರಿಂದ, ಒಂದು ಟ್ಯಾಗ್ ಮುಚ್ಚದೆ ಬಿಟ್ಟರೂ ಕೈಪಿಡಿ ಬಿಲ್ಡ್ ಆಗುವುದಿಲ್ಲ; ಕಳುಹಿಸುವ ಮುನ್ನ ಕೈಪಿಡಿಯ ಕಡತಗಳಿರುವ ಫೋಲ್ಡರಿನಲ್ಲಿ ‘ಮೇಕ್ ಚೆಕ್’ ಓಡಿಸಿ ನೋಡಿಕೊಳ್ಳಿ.

ಯಾವುದು ತಪ್ಪು, ಯಾವುದು ರೂಢಿ ಎಂದು ನಿರ್ಧರಿಸುವುದೇ ಇದರಲ್ಲಿ ಕಷ್ಟದ ಭಾಗ. ನಮ್ಮ ಶಾಲೆಗಳಲ್ಲಿ ಕಲಿಸುವುದು ಬ್ರಿಟಿಷ್ ಕಾಗುಣಿತ, ಈ ಕೈಪಿಡಿ ಅನುಸರಿಸುವುದು ಅಮೆರಿಕನ್ ಕಾಗುಣಿತ. ಹಾಗಾಗಿ ‘ಬಿಹೇವಿಯರ್’ ಪದದಲ್ಲಿ ಯು ಅಕ್ಷರ ಬಿಟ್ಟುಹೋಗಿದೆ ಎಂದು ಬರೆದರೆ ಅದು ತಿದ್ದುಪಡಿಯಾಗದು. ಡೇಟಾಬೇಸ್ ಪ್ರಶ್ನಿಸುವ ಭಾಷೆಯಾದ ಎಸ್‌ಕ್ಯೂಎಲ್ ಅನ್ನು ಅಕ್ಷರ ಬಿಡಿಸಿ ಓದುವ ಪದ್ಧತಿಯಂತೆ ಅದರ ಹಿಂದೆ ‘ಆ್ಯನ್’ ಬರುತ್ತದೆ; ‘ಸೀಕ್ವೆಲ್’ ಎನ್ನುವವರಿಗೆ ಅದು ತಪ್ಪಾಗಿ ಕೇಳಿಸುತ್ತದೆ, ಆದರೆ ಅಲ್ಲಿ ಅದೇ ಸರಿ. ಇಂಡೆಕ್ಸ್‌ನ ಬಹುವಚನ ‘ಇಂಡೆಕ್ಸಸ್’ ಎಂದೇ ಇರುತ್ತದೆ, ‘ಇಂಡಿಸೀಸ್’ ಎಂದಲ್ಲ. ಅದಕ್ಕೆ ಬದಲಾಗಿ ‘ಬ್ಯಾಕಪ್’ ನಾಮಪದವಾದಾಗ ಒಂದೇ ಪದವಾಗಿಯೂ ಕ್ರಿಯಾಪದವಾದಾಗ ಎರಡು ಪದವಾಗಿಯೂ ಇರಬೇಕು; ಇದು ತಪ್ಪಿದ್ದರೆ ಧೈರ್ಯವಾಗಿ ತಿದ್ದಿ. ಅನುಮಾನ ಬಂದಾಗ ಅದೇ ಕೈಪಿಡಿಯಲ್ಲಿ ಆ ಪ್ರಯೋಗ ಬೇರೆಡೆ ಹೇಗಿದೆ ಎಂದು ಹುಡುಕಿ ನೋಡಿ. ವ್ಯಾಕರಣ ಪುಸ್ತಕಕ್ಕಿಂತ ಅದು ಒಳ್ಳೆಯ ಸಾಕ್ಷಿ.

ಪ್ರಶ್ನೆ (ರಾಯಚೂರಿನಿಂದ, ಎಂಜಿನಿಯರಿಂಗ್ ವಿದ್ಯಾರ್ಥಿ): ಮೇಡಂ, ಕಾಗುಣಿತ ಪರೀಕ್ಷಿಸುವ ಸಾಧನವನ್ನು ಇಡೀ ಸೋರ್ಸ್ ಕೋಡ್ ಮೇಲೆ ಓಡಿಸಿ, ಸಿಕ್ಕಿದ್ದನ್ನೆಲ್ಲ ಒಂದೇ ಪ್ಯಾಚ್ ಮಾಡಿ ಕಳುಹಿಸಿದರೆ ಕೆಲಸ ಬೇಗ ಮುಗಿಯುವುದಲ್ಲವೇ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಸಾಧನವನ್ನು ಹುಡುಕಲು ಬಳಸಿ, ತಿದ್ದಲು ಬಿಡಬೇಡಿ. ಯುನಿಕ್ಸ್‌ನಲ್ಲಿ ಕಡತ ಸೃಷ್ಟಿಸುವ ‘ಕ್ರಿಯೇಟ್’ ಕರೆಯ ಹೆಸರಿನಲ್ಲಿ ಕೊನೆಯ ಇ ಅಕ್ಷರವೇ ಇಲ್ಲ. ವೆಬ್ ಪುಟಗಳನ್ನು ಸಾಗಿಸುವ ನಿಯಮಾವಳಿಯಾದ ಎಚ್‌ಟಿಟಿಪಿಯ ‘ರೆಫರರ್’ ಶಿರೋನಾಮೆಯಲ್ಲಿ ಒಂದು ಆರ್ ಕಡಿಮೆಯಿದೆ. ಇವು ತಪ್ಪು ಕಾಗುಣಿತವೇ, ಆದರೆ ಇಂದು ಅವು ಹೆಸರುಗಳು. ಅವನ್ನು ‘ಸರಿ’ ಮಾಡಿದರೆ ಓದುಗ ಅದನ್ನೇ ನಕಲು ಮಾಡಿಕೊಂಡು ಓಡದ ಪ್ರೋಗ್ರಾಂ ಬರೆಯುತ್ತಾನೆ. ಸಾಧನಕ್ಕೆ ಹೆಸರಿಗೂ ಮಾತಿಗೂ ವ್ಯತ್ಯಾಸ ತಿಳಿಯುವುದಿಲ್ಲ.

ಇನ್ನೊಂದು ಕಾರಣ ಪರಿಶೀಲಿಸುವವರ ಸಮಯ. ನೀವು ಒಂದು ಗುಂಡಿ ಒತ್ತಿ ಮಾಡಿದ ಬದಲಾವಣೆಗಳನ್ನು ಅವರು ಒಂದೊಂದಾಗಿ ಓದಬೇಕಾಗುತ್ತದೆ, ಮತ್ತು ಆ ರಾಶಿಯಲ್ಲಿ ಒಂದು ಅನುಮಾನದ ತಿದ್ದುಪಡಿ ಇದ್ದರೂ ಉಳಿದ ಒಳ್ಳೆಯವೂ ಅದರೊಡನೆ ನಿಂತುಹೋಗುತ್ತವೆ. ಪ್ರತಿ ಮುಖ್ಯ ಆವೃತ್ತಿಗೂ ಐದು ವರ್ಷ ಬೆಂಬಲವಿರುವುದರಿಂದ ಹೊಸದರಲ್ಲಿ ಮಾಡಿದ ದುರಸ್ತಿಯನ್ನು ಹಳೆಯ ಆವೃತ್ತಿಗಳಿಗೂ ಒಯ್ಯುವ ಪ್ರಸಂಗಗಳು ಬರುತ್ತವೆ. ಅನಗತ್ಯವಾಗಿ ಸಾಲುಗಳನ್ನು ಬದಲಿಸಿದ್ದರೆ ಆಗ ಪ್ಯಾಚ್ ಕೂರುವುದಿಲ್ಲ. ಯಾರೂ ತಕರಾರು ಮಾಡದ ಕಾಗುಣಿತವನ್ನು ಒಂದು ಪ್ಯಾಚಿನಲ್ಲಿ, ಚರ್ಚೆ ಬೇಕಾದ ವ್ಯಾಕರಣವನ್ನು ಮತ್ತೊಂದರಲ್ಲಿ ಇಟ್ಟು ಕಳುಹಿಸಿ.

ಪ್ರಶ್ನೆ (ಕೊಪ್ಪಳದಿಂದ): ತಂತ್ರಾಂಶವೇ ತೋರಿಸುವ ದೋಷ ಸಂದೇಶಗಳಿಗೂ ಇದೇ ಕ್ರಮವೇ? ಅವು ಸಣ್ಣ ಅಕ್ಷರದಲ್ಲಿ ಆರಂಭವಾಗಿ ಪೂರ್ಣವಿರಾಮವಿಲ್ಲದೆ ಮುಗಿಯುವುದನ್ನು ನೋಡಿ ಕೇಳುತ್ತಿದ್ದೇನೆ.

ಉತ್ತರ: ಅದು ದೋಷವಲ್ಲ, ನಿಯಮ. ಮುಖ್ಯ ಸಂದೇಶ ಹಾಗೆಯೇ ಇರಬೇಕು. ಅದರ ಕೆಳಗೆ ಬರುವ ವಿವರ ಮತ್ತು ಸುಳಿವು ಮಾತ್ರ ಪೂರ್ಣ ವಾಕ್ಯಗಳಾಗಿರುತ್ತವೆ. ‘ಕುಡ್ ನಾಟ್’ ಎಂದಿದ್ದರೆ ಪ್ರಯತ್ನ ಈ ಬಾರಿ ವಿಫಲವಾಯಿತು, ಡಿಸ್ಕ್ ತುಂಬಿದಂಥ ಕಾರಣ ನಿವಾರಣೆಯಾದರೆ ಮುಂದೆ ನಡೆಯಬಹುದು ಎಂದರ್ಥ. ‘ಕ್ಯಾನಾಟ್’ ಎಂದಿದ್ದರೆ ಆ ಕೆಲಸಕ್ಕೆ ಅವಕಾಶವೇ ಇಲ್ಲ ಎಂದರ್ಥ. ಒಂದನ್ನು ತೆಗೆದು ಇನ್ನೊಂದನ್ನು ಹಾಕಿದರೆ ವ್ಯಾಕರಣ ಕೆಡುವುದಿಲ್ಲ, ಆದರೆ ರಾತ್ರಿ ಪಾಳಿಯಲ್ಲಿ ಸರ್ವರ್ ಮುಂದೆ ಕುಳಿತವನು ಮತ್ತೊಮ್ಮೆ ಪ್ರಯತ್ನಿಸಬೇಕೋ ಕೈಬಿಡಬೇಕೋ ಎಂಬ ನಿರ್ಧಾರ ಕೆಡುತ್ತದೆ. ಜೊತೆಗೆ ಸಂದೇಶದ ಒಂದು ಅಕ್ಷರ ಬದಲಾದರೂ ಬೇರೆ ಭಾಷೆಗಳಲ್ಲಿರುವ ಅದರ ಅನುವಾದವನ್ನು ಮತ್ತೆ ನೋಡಬೇಕಾಗುತ್ತದೆ, ತಂತ್ರಾಂಶದ ಪರೀಕ್ಷೆಗಳಲ್ಲಿ ಅದೇ ಪಠ್ಯವನ್ನು ನಿರೀಕ್ಷಿಸಿದ್ದರೆ ಅದನ್ನೂ ಸರಿಪಡಿಸಬೇಕಾಗುತ್ತದೆ.

ಪ್ರಶ್ನೆ (ಗಂಗಾವತಿಯಿಂದ, ಮತ್ತೆ): ಧನ್ಯವಾದಗಳು ಮೇಡಂ. ನಮ್ಮ ಮಿಲ್ಲಿಗಾಗಿಯೇ ಬರೆದುಕೊಂಡ ಒಂದು ಸಣ್ಣ ಕೈಪಿಡಿಯೂ ಇದೆ. ಅದರಲ್ಲಿ ಹೀಗಿದೆ: ‘ನವೆಂಬರ್ ತಿಂಗಳ ಪೂರ್ತಿ ಆವಕ ನೋಡಲು ಬಿಟ್ವೀನ್ ಬಳಸಿ, ನವೆಂಬರ್ 1 ಮತ್ತು ನವೆಂಬರ್ 30 ಎಂದು ಕೊಡಿ, ಎರಡೂ ದಿನಗಳು ಸೇರುತ್ತವೆ.’ ಇದರ ಭಾಷೆ ಸರಿಯಿದೆಯೇ?

ಉತ್ತರ: ಭಾಷೆ ಸರಿಯಿದೆ, ನಾನು ಒಂದು ಅಕ್ಷರವನ್ನೂ ಮುಟ್ಟುವುದಿಲ್ಲ. ಆದರೆ ಆವಕದ ಕಾಲಂ ಯಾವ ಬಗೆಯದು ಎಂದು ತಿಳಿಯದೆ ಈ ವಾಕ್ಯಕ್ಕೆ ಒಪ್ಪಿಗೆ ಕೊಡಲಾರೆ. ಬರೀ ದಿನಾಂಕದ ‘ಡೇಟ್’ ಆಗಿದ್ದರೆ ವಾಕ್ಯ ನಿಜ. ಲಾರಿ ತೂಕವಾದ ವೇಳೆಯೂ ಸೇರಿರುವ ‘ಟೈಮ್‌ಸ್ಟ್ಯಾಂಪ್’ ಆಗಿದ್ದರೆ, ಬರೀ ‘ನವೆಂಬರ್ 30’ ಎಂದು ಕೊಟ್ಟದ್ದನ್ನು ಡೇಟಾಬೇಸ್ ಆ ದಿನದ ಮಧ್ಯರಾತ್ರಿ ಸೊನ್ನೆ ಗಂಟೆ ಎಂದು ತೆಗೆದುಕೊಳ್ಳುತ್ತದೆ. 30ರಂದು ಬೆಳಗ್ಗೆ ಹತ್ತು ಗಂಟೆಗೆ ತೂಕವಾದ ಲಾರಿ ಅದಕ್ಕಿಂತ ತಡವಾಗಿ ಬಂದದ್ದರಿಂದ ಲೆಕ್ಕದಿಂದ ಹೊರಗುಳಿಯುತ್ತದೆ. ಬಿಟ್ವೀನ್ ಎರಡೂ ತುದಿಗಳನ್ನು ಸೇರಿಸಿಕೊಳ್ಳುತ್ತದೆ ಎಂಬ ಮಾತು ಆಗಲೂ ಸುಳ್ಳಲ್ಲ. ತುದಿ ಎಲ್ಲಿದೆ ಎಂಬುದು ಬದಲಾಗಿದೆ, ಅಷ್ಟೇ. ಆವಕ ಜೋರಾಗಿರುವ ಹಂಗಾಮಿನಲ್ಲಿ ಒಂದು ದಿನದ ಭತ್ತ ಬಿಟ್ಟುಹೋದರೆ ಯಾವ ರೈತನ ಪಾವತಿ ತಪ್ಪುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಕಾಲಂ ಟೈಮ್‌ಸ್ಟ್ಯಾಂಪ್ ಆಗಿದ್ದರೆ ವಾಕ್ಯವನ್ನು ಹೀಗೆ ಬದಲಿಸಿ: ‘ಆವಕದ ಸಮಯ ನವೆಂಬರ್ 1ಕ್ಕೆ ಸಮ ಅಥವಾ ಅದಕ್ಕಿಂತ ಹೆಚ್ಚು, ಮತ್ತು ಡಿಸೆಂಬರ್ 1ಕ್ಕಿಂತ ಕಡಿಮೆ ಇರಬೇಕೆಂದು ಷರತ್ತು ಕೊಡಿ.’ ಬದಲಿಸುವ ಮುನ್ನ ಎರಡೂ ಷರತ್ತುಗಳನ್ನು ಓಡಿಸಿ, ಬರುವ ಸಾಲುಗಳ ಸಂಖ್ಯೆಯನ್ನು ಹೋಲಿಸಿ. ವ್ಯತ್ಯಾಸ ಬಂದರೆ ಅದು 30ನೇ ತಾರೀಖಿನ ತೂಕಗಳೇ ಎಂದು ತೂಕದ ಚೀಟಿಗಳೊಂದಿಗೆ ತಾಳೆ ನೋಡಿ. ಪಾವತಿಯ ಪುಟದಲ್ಲೂ ಇದೇ ಬಗೆಯ ವಾಕ್ಯವಿದ್ದರೆ ಅದನ್ನು ಮೊದಲು ತಿದ್ದಿ, ಉಳಿದ ಕಾಗುಣಿತವನ್ನು ಬಿಡುವಾದಾಗ ನೋಡಬಹುದು.