ನೈಟ್ರೇಟ್ ಸೊನ್ನೆ, ಆದರೂ ಹವಳ ಬಾಡುತ್ತಿದೆ: ಅನುಭವ ಇದ್ದವರು ಹೇಳಿ

ಕಲಬುರಗಿ ಹುಡುಗ: ಎರಡು ಅಡಿ ಉಪ್ಪುನೀರಿನ ಟ್ಯಾಂಕ್, ಎಲ್ಲ ಸಾಫ್ಟ್ ಕೋರಲ್, ಅಂದರೆ ಮೆತ್ತನೆ ಹವಳ. ನೈಟ್ರೇಟ್ 0, ಫಾಸ್ಫೇಟ್ 0. ಆದರೂ ಜೋವಾ (ಗುಂಡಿಯಂಥ ಪುಟ್ಟ ಹವಳ) ಅರಳುತ್ತಿಲ್ಲ. ಮರಳಿನ ಮೇಲೆ ಕಂದು ಲೋಳೆ, ಎಳೆಎಳೆಯಾಗಿ, ತುದಿಯಲ್ಲಿ ಗುಳ್ಳೆ. ಲೈಟ್ ಆರಿಸಿದರೆ ಬೆಳಗ್ಗೆ ಕಮ್ಮಿ ಇರುತ್ತದೆ. ಜಿಎಫ್‌ಒ (ಫಾಸ್ಫೇಟ್ ಹೀರುವ ಕಬ್ಬಿಣದ ಹರಳು) ರಿಯಾಕ್ಟರ್ ಓಡುತ್ತಿದೆ. ಏನು ಮಾಡಲಿ?

ಬೀದರ್ ರೀಫ್: ಸೊನ್ನೆ ಬಂತು ಅಂತ ಖುಷಿ ಪಡಬೇಡಿ. ನನಗೆ ಹೈದರಾಬಾದ್ ಅಂಗಡಿಯವರು ಫಾಸ್ಫೇಟ್ ಅಂದರೆ ವಿಷ ಅನ್ನೋ ಹಾಗೆ ಹೆದರಿಸಿದ್ದರು. ರಿಯಾಕ್ಟರ್ 4,200, ಅದರೊಳಗಿನ ಮೀಡಿಯಾ 1,600, ಲೋಳೆಗೆ ಅಂತ ಯುವಿ ದೀಪ 5,500, ಅದು ಡೈನೋ (ಲೋಳೆ ಕಟ್ಟುವ ಸೂಕ್ಷ್ಮಜೀವಿ, ಡೈನೋಫ್ಲಾಜೆಲೇಟ್) ಹೌದೋ ಅಲ್ವೋ ನೋಡೋಕೆ ಮೈಕ್ರೋಸ್ಕೋಪ್ 2,300. ಬಿಲ್ ಎಲ್ಲಾ ಇಟ್ಟಿದ್ದೇನೆ. ಕೊನೆಗೆ ಜಿಎಫ್‌ಒ ತೆಗೆದು ಟ್ಯಾಂಕಿಗೆ ಹಾಕೋ ಊಟ ಜಾಸ್ತಿ ಮಾಡಿದೆ. ಹವಳದ ಮೈಯೊಳಗಿನ ಪಾಚಿಗೂ ಹೊಟ್ಟೆಗೆ ಬೇಕಲ್ವಾ? ಈಗ ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.05. ನನ್ನ ಟೋಡ್‌ಸ್ಟೂಲ್ (ಅಣಬೆ ಆಕಾರದ ಸಾಫ್ಟ್ ಕೋರಲ್) ಮೊದಲು ಮೇಣ ಬಳಿದ ಹಾಗೆ ಮುದುರಿ ಕೂತಿತ್ತು. ಆ ಪೊರೆ ಒಂದು ಮೂಲೆಯಿಂದ ಸುಲಿದು ನೀರಲ್ಲಿ ತೇಲಿತು, ಕೆಳಗಿಂದ ಹೊಸ ಪಾಲಿಪ್ ಎದ್ದವು.

ಯಾದಗಿರಿ 43 ಡಿಗ್ರಿ: ಊಟ ಜಾಸ್ತಿ ಹಾಕಿ ಅನ್ನೋರು ನಮ್ಮ ಕಡೆ ಮೇ ತಿಂಗಳಲ್ಲಿ ಬಂದು ಹಾಕಿ ನೋಡಲಿ. ಮಧ್ಯಾಹ್ನ ಕರೆಂಟ್ ಹೋಯಿತು, ನೀರು 32 ಡಿಗ್ರಿ ಮುಟ್ಟಿತು. ಜೀನಿಯಾ ಹವಳ ರಾತ್ರಿ ಕಳೆಯುವಷ್ಟರಲ್ಲಿ ಕರಗಿ ಗಂಜಿ. ನೀರು ಬೆಳ್ಳಗೆ, ಮನೆಯೆಲ್ಲ ನಾತ, ಆಮೇಲೆ ನೈಟ್ರೇಟ್ 50. ನೀರು ತಂಪು ಮಾಡೋ ಚಿಲ್ಲರ್ 24,500, ಸ್ಟೆಬಿಲೈಸರ್ 2,800, ಇನ್ವರ್ಟರ್ ಬ್ಯಾಟರಿ 15,200. ಆ ಚಿಲ್ಲರ್ ಬಿಡುವ ಬಿಸಿ ಗಾಳಿಗೆ ಎಕ್ಸಾಸ್ಟ್ ಬೇರೆ, 1,750. ಮೊದಲು ತಂಪು, ಆಮೇಲೆ ನಿಮ್ಮ ಫಾಸ್ಫೇಟ್.

ಸೇಡಂ ರೋಡ್: ದುಡ್ಡಿದ್ದವರ ಮಾತು! ನಮ್ಮದು ಒಣ ಬಿಸಿಲು ರೀ. ನೀರಿನ ಮೇಲೆ ಎರಡು ಕಂಪ್ಯೂಟರ್ ಫ್ಯಾನ್, 640 ರೂಪಾಯಿ, ಮೂರು ಡಿಗ್ರಿ ಇಳಿಯುತ್ತದೆ. ನೀರು ಮಾತ್ರ ಸಿಕ್ಕಾಪಟ್ಟೆ ಆವಿ ಆಗುತ್ತದೆ. ಅದಕ್ಕೆ ಸಿಹಿ ನೀರನ್ನೇ ತುಂಬಬೇಕು, ಆರ್‌ಒ ಡಿಐ ನೀರು, ಅಂದರೆ ಆರ್‌ಒ ಆದಮೇಲೆ ರೆಸಿನ್‌ನಲ್ಲೂ ಸೋಸಿದ್ದು. ಉಪ್ಪು ಆವಿ ಆಗಲ್ಲವಲ್ಲ. ನಮ್ಮ ಬೋರ್ ಟಿಡಿಎಸ್ 1,400, ಮೆಂಬ್ರೇನ್ ಬಾಳಿಕೆ ಬರಲ್ಲ, ಡಿಐ ರೆಸಿನ್ ಅಂತೂ ಕಡಲೆಪುರಿ ಹಾಗೆ ಖಾಲಿ. ಆ ಖರ್ಚು ಯಾರೂ ಹೇಳಲ್ಲ.

ಯಾದಗಿರಿ 43 ಡಿಗ್ರಿ: ಮಳೆಗಾಲದ ಸೆಕೆಯಲ್ಲಿ ನಿಮ್ಮ 640 ರೂಪಾಯಿ ಏನು ಮಾಡುತ್ತದೆ?

ಸೇಡಂ ರೋಡ್: ಮಳೆ ಬಂದಾಗ ಹೇಳ್ತೀನಿ. ಬರಲಿ ಮೊದಲು.

ಕಲಬುರಗಿ ಹುಡುಗ: ಅಣ್ಣಾ, ಹಾಗಾದರೆ ಜಿಎಫ್‌ಒ ಒಮ್ಮೆಲೇ ತೆಗೆಯಲಾ, ನಿಧಾನಕ್ಕಾ?

ನಿಯಮ ಪಾಲಕ: ಬೀದರಿನವರ ಪ್ರೊಫೈಲ್ ಫೋಟೊ ನೋಡಿ. ಎಡಗಡೆ ಹ್ಯಾಮರ್ ಕೋರಲ್. ಅದು ಹಾರ್ಡ್ ಕೋರಲ್, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಶೆಡ್ಯೂಲ್‌ನಲ್ಲಿದೆ. ಹುಲಿ ಇರೋ ಪಟ್ಟಿ ಅದು. ಇಲ್ಲಿ ಬಂದು ಪಾಠ ಬೇರೆ.

ಬೀದರ್ ರೀಫ್: ಅದು ಸಿಲಿಕೋನ್ ಬೊಂಬೆ ರೀ! 350 ರೂಪಾಯಿ. ಪಂಪ್ ಮುಂದೆ ಇಟ್ಟರೆ ಅಲುಗಾಡುತ್ತದೆ.

ಯಾದಗಿರಿ 43 ಡಿಗ್ರಿ: ಬೊಂಬೆ ಸಾಕೋರು ನಮಗೆ ಫಾಸ್ಫೇಟ್ ಲೆಕ್ಕ ಹೇಳಿದ್ರಾ!

ಬೀದರ್ ರೀಫ್: ಟೋಡ್‌ಸ್ಟೂಲ್ ಬೊಂಬೆ ಅಲ್ಲ. ಬೀದರಿಗೆ ಬನ್ನಿ, ತೋರಿಸ್ತೀನಿ. ಹುಡುಗನ ಲೋಳೆ ಡೈನೋನೇ, ಬರೆದಿಟ್ಕೊಳ್ಳಿ. ತಮ್ಮಾ, ಜಿಎಫ್‌ಒ ಇವತ್ತೇ ತೆಗಿ, ಊಟ ಮಾತ್ರ ನಿಧಾನಕ್ಕೆ ಏರಿಸು, ವಾರಕ್ಕೆರಡು ಸಲ ಟೆಸ್ಟ್ ಮಾಡು.

ನಿಯಮ ಪಾಲಕ: ಬೊಂಬೆ ಅಂತ ಎಲ್ಲರೂ ಹೇಳ್ತಾರೆ. ವಿಡಿಯೊ ಹಾಕಿ.

ಸೇಡಂ ರೋಡ್: ಅದಿರಲಿ, ಯಾದಗಿರಿಯವರೇ, ಆ ಚಿಲ್ಲರ್ ಮಾರ್ತೀರಾ? ನನಗಲ್ಲ, ನಮ್ಮ ಅಳಿಯನಿಗೆ.

ಯಾದಗಿರಿ 43 ಡಿಗ್ರಿ: 20,000ಕ್ಕೆ ಒಂದು ಪೈಸೆ ಕಮ್ಮಿ ಇಲ್ಲ. ಎಕ್ಸಾಸ್ಟ್ ಬೇರೆ ರೇಟು.