ಸಹಾಯ ಬೇಕು: ನಗರಗಳ ರ್‍ಯಾಂಕಿಂಗ್ ನಂಬಬಹುದಾ?

ನಮಸ್ಕಾರ. ವಿದೇಶಿ ಬಂಡವಾಳಕ್ಕಾಗಿ ನಗರಗಳ ಪೈಪೋಟಿ ಅಂತ ಎಂ.ಕಾಂ. ಸೆಮಿನಾರ್‌ಗೆ ವಿಷಯ ತಗೊಂಡು ಸಿಕ್ಕಿಹಾಕಿಕೊಂಡಿದ್ದೇನೆ.

ವ್ಯವಹಾರ ನಡೆಸುವುದು ಎಲ್ಲಿ ಸುಲಭ ಅಂತ 2009ರ ‘ಡೂಯಿಂಗ್ ಬಿಸಿನೆಸ್’ ವರದಿಯಲ್ಲಿ ವಿಶ್ವಬ್ಯಾಂಕ್ ಭಾರತದ 17 ನಗರಗಳನ್ನು ಅಳೆದಾಗ ಲುಧಿಯಾನಾ ಮೊದಲು, ಹೈದರಾಬಾದ್ ಎರಡನೆಯದು. ನಮ್ಮ ಬೆಂಗಳೂರು 13! ಆದರೂ ಸಾಫ್ಟ್‌ವೇರ್ ಕಂಪನಿಗಳು ಬಂದಿದ್ದು ಇಲ್ಲಿಗೇ ಅಲ್ವಾ? ಅವರು ನೋಡಿದ್ದು ಕಟ್ಟಡ ಪರವಾನಗಿ, ಆಸ್ತಿ ನೋಂದಣಿ, ತೆರಿಗೆ ಕಟ್ಟುವ ತಾಪತ್ರಯ ಅಂಥವನ್ನು. ಎಂಜಿನಿಯರ್‌ಗಳು ಎಷ್ಟು ಜನ ಸಿಗುತ್ತಾರೆ ಅನ್ನೋದು ಲೆಕ್ಕಕ್ಕೇ ಇರಲಿಲ್ಲ. (ಟ್ರಾಫಿಕ್ಕೂ ಇರಲಿಲ್ಲ, ಪುಣ್ಯ.) ಅಂಕಿಅಂಶಗಳಲ್ಲಿ ಎಡವಟ್ಟು ಸಿಕ್ಕಿ 2021ರಲ್ಲಿ ಆ ವರದಿಗಳನ್ನೇ ನಿಲ್ಲಿಸಿದರು.

ಡಿಪಿಐಐಟಿ (ಕೇಂದ್ರ ಸರ್ಕಾರದ ಕೈಗಾರಿಕೆ ಉತ್ತೇಜನ ಇಲಾಖೆ) ವಿದೇಶಿ ಬಂಡವಾಳದ ರಾಜ್ಯವಾರು ಲೆಕ್ಕ ಕೊಡುತ್ತದೆ. ನಗರವಾರು ಎಲ್ಲಿ ಸಿಗುತ್ತದೆ? ವಿದೇಶಿ ಕಂಪನಿಗಳಿಗೆ ಆಫೀಸ್ ಜಾಗ ಹುಡುಕಿಕೊಡುವವರು ಇಲ್ಲಿದ್ದರೆ, ಅವರು ಇಂಥ ರ್‍ಯಾಂಕ್ ನಿಜವಾಗಿ ನೋಡ್ತಾರಾ, ಸುಮ್ನೆ ಬಾಡಿಗೆ ಕೇಳ್ತಾರಾ, ದಯವಿಟ್ಟು ಹೇಳಿ. ಸೋಮವಾರವೇ ಸೆಮಿನಾರ್.