ಅಪ್‌ಡೇಟ್: ಪೆಟ್ಲು ಸಿಡೀತು!

ಹೋದ ವಾರ ಕೇಳಿದ್ದೆ: ಶಿರಸಿ ಕಡೆ ಚೌತಿ ಹೊತ್ತಿಗೆ ನಾನೂ ತಮ್ಮನೂ ಹೊಡೀತಿದ್ದ ಪೆಟ್ಲಿಗೆ, ಅಂದ್ರೆ ಬಿದಿರು ಕೊಳವೆಯ ಆಟದ ಕೋವಿಗೆ, ಯಾವ ಕಾಯಿ ಹಾಕ್ತಿದ್ವಿ, ಯಾರಿಗಾದ್ರೂ ನೆನಪಿದ್ಯಾ ಅಂತ. ಜುಮ್ಮನಕಾಯಿ ಅಂತ ಹೇಳಿದ ಎಲ್ಲರಿಗೂ ಮನಸಾರೆ ಧನ್ಯವಾದ. ಹೆಸರು ಓದಿದ ಕೂಡಲೇ ಆ ಘಾಟು ಮೂಗಿಗೆ ಬಂತು.

ತಮ್ಮ ಹಬ್ಬಕ್ಕೆ ಮಗಳನ್ನ ಕರ್ಕೊಂಡು ಬಂದಿದ್ದ. ಹಳ್ಳದ ಬದಿಗೆ ಹೋಗಿ ಗೇಣುದ್ದದ ವಾಟೆ ಬಿದಿರು ಕಡಿದು ತಂದ್ವಿ. ಒಳಗೆ ದೂಡೋ ಕಡ್ಡಿ ಕೆತ್ತಿದ್ದು ಅವನೇ. ಅದು ಕೊಳವೆಗಿಂತ ಒಂದು ಕಾಯಿಯಷ್ಟು ಗಿಡ್ಡ ಇರಬೇಕು. ನಾನು ಮರೆತೇ ಬಿಟ್ಟಿದ್ದೆ, ಅವನ ಕೈಗೆ ನೆನಪಿತ್ತು. ಮೊದಲ ಕಾಯಿ ತುದೀಲಿ ಬಿಗಿಯಾಗಿ ಕೂರಬೇಕು. ಇನ್ನೊಂದನ್ನ ಹಿಂದಿಂದ ದೂಡಿದ್ರೆ ನಡುವೆ ಸಿಕ್ಕಿದ ಗಾಳಿ ಮುಂದಿನದನ್ನ ಟಪ್ ಅಂತ ಹಾರಿಸುತ್ತೆ.

ಮೂರು ಸಲ ಟುಸ್ಸಂತು. ನಾಲ್ಕನೇ ಸಲ ಸಿಡಿದ ಕಾಯಿ ನನ್ನ ಪಕ್ಕದ ಹಂಡೆಗೆ ಬಡೀತು. "ಅಕ್ಕಾ, ನಿಂಗೆ ತಾಗ್ಲಿಲ್ಲ ಅಲ್ವಾ?" ಅಂತ ಗಾಬರಿಯಿಂದ ಓಡಿ ಬಂದ. 8 ವರ್ಷದವನಿದ್ದಾಗ ನನ್ನ ಕೆನ್ನೆಗೆ ಹೊಡೆದು, ಹೀಗೇ ಕೇಳ್ತಾ ಅತ್ತಿದ್ದ.

ನಾವಿಬ್ರೂ ಸರಿಯಾಗಿ ಮಾತಾಡಿ ವರ್ಷಗಳೇ ಆಗಿತ್ತು. ಅವತ್ತು ಜಗಲಿ ಮೇಲೆ ರಾತ್ರಿ ಹನ್ನೆರಡರ ತನಕ ಕೂತಿದ್ವಿ, ಹೊರಗೆ ಮಳೆ.

ಪೆಟ್ಲು ಈಗ ಸೊಸೆಯ ಶಾಲೆ ಬ್ಯಾಗಿನಲ್ಲಿದೆ.